ಓಲೆ ಉಳಿಯಿತು, ಕಡತ ಉಳಿದೀತೆ?

“ನಮ್ಮ ಗ್ರಂಥಗಳೆಲ್ಲವೂ ಕಂಪ್ಯೂಟರಿಗೆ ಸೇರಿದುವು, ಇನ್ನು ನಾಶವೆಂಬ ಮಾತೇ ಇಲ್ಲ” ಎಂದು ಸಭೆಗಳಲ್ಲಿ ಹೆಮ್ಮೆಯಿಂದ ಸಾರುವವರುಂಟು. ಈ ಮಾತು ಶುದ್ಧ ಭ್ರಾಂತಿಯೆಂದು ನಾನು ಹೇಳುವೆನು.

ವಾಚಕಮಹಾಶಯರು ಮೂಡುಬಿದಿರೆಯನ್ನು ಸ್ಮರಿಸಬೇಕು. 9ನೆಯ ಶತಮಾನದಲ್ಲಿ ವೀರಸೇನಾಚಾರ್ಯರು ರಚಿಸಿದ ಧವಲಾಟೀಕೆಯ ತಾಳೆಯೋಲೆಗಳು ಅಲ್ಲಿಯ ಗುರುಬಸದಿಯಲ್ಲಿ ಹಳೆಯ ಕನ್ನಡ ಲಿಪಿಯಲ್ಲಿ ಉಳಿದುಬಂದುವು. 19ನೆಯ ಶತಮಾನದ ಕೊನೆಗೆ ಅವುಗಳ ಪ್ರತಿಮಾಡಲು ತೊಡಗಿದರು. 1939ರಲ್ಲಿ ಪ್ರಥಮ ಸಂಪುಟವು ಅಚ್ಚಾಯಿತು. ಓಲೆಯೂ ಹುಳುವಿಗೆ ಆಹಾರವೇ. ಆದರೆ ಅದನ್ನು ಓದಲು ಕಣ್ಣೂ ಅಕ್ಷರಜ್ಞಾನವೂ ಸಾಕಾಗಿದ್ದುವು. ಯಾವ ವರ್ತಕನ ಯಂತ್ರವೂ ಬೇಕಿರಲಿಲ್ಲ.

ನಮ್ಮ ಕಡತಗಳ ಗತಿಯೇನು? ಇಪ್ಪತ್ತು ವರ್ಷಗಳ ಹಿಂದೆ ಬಂಟ್ವಾಳದ ಸ್ಮರಣಸಂಚಿಕೆಯೊಂದಕ್ಕೆ ನಾನು ಬರೆದ ಲೇಖನದ ಕಡತವನ್ನು ಈಚೆಗೆ ತೆರೆಯಿಸಿ ನೋಡಿದೆನು. ಕನ್ನಡದ ಸುಳಿವೇ ಇಲ್ಲ! ತಲೆಯ ಮೇಲೆ ಗೆರೆಚುಕ್ಕೆಗಳನ್ನು ಹೊತ್ತ ರೋಮನ್ ಅಕ್ಷರಗಳ ಸಂತೆ ಅಲ್ಲಿ ನೆರೆದಿತ್ತು. ಕಡತವು ಕೆಟ್ಟಿರಲಿಲ್ಲ. ಅಂದಿನ ಫಾಂಟು ರೋಮನ್ ಅಕ್ಷರಗಳ ಸಂಕೇತಗಳಿಗೆ ಕನ್ನಡದ ವೇಷವನ್ನು ಕಟ್ಟಿತ್ತು; ಫಾಂಟು ಹೋದೊಡನೆ ವೇಷವೂ ಕಳಚಿತು.

ಪರಿವರ್ತಿಸುವ ಸಾಧನಗಳಿಲ್ಲವೆ ಎಂದು ಕೇಳಬಹುದು. ಉಂಟು. ಆದರೆ ಯಾವ ಫಾಂಟೆಂಬುದನ್ನು ಅರಿತವನು ಬೇಕು. ಐವತ್ತು ವರ್ಷಗಳ ಮೇಲೆ ಅದನ್ನು ಹೇಳುವವರಾರು?

ಉಪಾಯವು ನಮ್ಮ ಕೈಯಲ್ಲಿಯೇ ಇದೆ. 1991ರಲ್ಲಿ ಪ್ರಕಟವಾದ ಯೂನಿಕೋಡಿನಲ್ಲಿ ಕನ್ನಡದ ವರ್ಣಗಳಿಗೆ ಸ್ವಂತ ಸಂಖ್ಯೆಗಳಿವೆ, ಕಕಾರಕ್ಕೆ 3221. ಈ ನಿಯಮವು ಬಹಿರಂಗವಾದುದು, ಯಾರೊಬ್ಬರ ಗುಟ್ಟೂ ಅಲ್ಲ. ಪುಟದ ರೂಪವೂ ಉಳಿಯಬೇಕಾದರೆ, 2005ರಲ್ಲಿ ಅಂತರರಾಷ್ಟ್ರೀಯ ಮಾನಕವಾದ ಪಿಡಿಎಫ್-ಎ ಎಂಬ ಬಗೆಯುಂಟು. ಅದು ಬೇಕಾದ ಫಾಂಟನ್ನು ತನ್ನೊಳಗೇ ಇರಿಸಿಕೊಳ್ಳುತ್ತದೆ. ಇಷ್ಟಿದ್ದೂ ಹಳೆಯ ಫಾಂಟುಗಳಲ್ಲಿಯೇ ಕಡತಗಳನ್ನು ಕೂಡಿಹಾಕುವುದು ಆಲಸ್ಯವಲ್ಲದೆ ಮತ್ತೇನು?

ನಮ್ಮ ಸಂಘಗಳು ತಮ್ಮ ಹಳೆಯ ಕಡತಗಳನ್ನು, ಅವುಗಳ ಫಾಂಟನ್ನು ಬಲ್ಲವರು ಇರುವಾಗಲೇ, ಯೂನಿಕೋಡಿಗೆ ತಿರುಗಿಸಿ ತಿದ್ದಿಸತಕ್ಕದ್ದು. ಬಂಟ್ವಾಳದಲ್ಲೊಂದು, ಬೆಳ್ತಂಗಡಿಯಲ್ಲೊಂದು, ಮೂಡುಬಿದಿರೆಯಲ್ಲೊಂದು ಪ್ರತಿ ಇರಲಿ. ನವರಾತ್ರಿಯಲ್ಲಿ ಪುಸ್ತಕಗಳನ್ನು ಪೂಜೆಗಿಟ್ಟು ವಿಜಯದಶಮಿಯಂದು ತೆರೆದೋದುವ ನಾವು, ಅದೇ ದಿನ ಈ ಕಡತಗಳನ್ನೂ ತೆರೆದು ಓದಿನೋಡೋಣ. ಓಲೆಯನ್ನು ಉಳಿಸಿದುದು ಓಲೆಯಲ್ಲ; ಬಿಚ್ಚಿ ಓದಿ ಪ್ರತಿಮಾಡಿದ ಕೈಗಳು. ಆ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿ ನಿದ್ರಿಸಿದರೆ ಮುಂದಿನವರು ನಮ್ಮನ್ನು ಕ್ಷಮಿಸಲಾರರು.