ಚುರುಕು ಮಕ್ಕಳೂ ಪ್ರಾಥಮಿಕ ಪಾಠಶಾಲೆಗಳೂ

ಒಂದು ಕಾಲಕ್ಕೆ ಕೆರೆಯ ಬದಿಯ ಹಳ್ಳಿಯಾಗಿದ್ದ ದೊಡ್ಡನೆಕ್ಕುಂದಿಯು ಈಗ ಕಾರ್ಖಾನೆಗಳಿಂದಲೂ ಕಂಪ್ಯೂಟರ್ ಕಚೇರಿಗಳಿಂದಲೂ ಸುತ್ತುವರಿಯಲ್ಪಟ್ಟಿದೆ. ಕೂಲಿಕಾರರ ಮಕ್ಕಳೂ ಇಂಜಿನಿಯರುಗಳ ಮಕ್ಕಳೂ ಇಲ್ಲಿ ಬೆಳೆಯುತ್ತಿರುವರು. ಬುದ್ಧಿಯು ಮನೆಯ ಸ್ಥಿತಿಗತಿಗಳನ್ನು ನೋಡಿ ಹುಟ್ಟುವುದಿಲ್ಲ. ಅದರ ಪೋಷಣೆಯಾದರೋ ಬಹುಮಟ್ಟಿಗೆ ಅದನ್ನೇ ಅವಲಂಬಿಸಿದೆ. ಈ ಅನ್ಯಾಯವನ್ನು ಸರಿಪಡಿಸುವುದು ಪಾಠಶಾಲೆಯ ಧರ್ಮ.

1861ರಲ್ಲಿ ಮುದ್ದೇನಹಳ್ಳಿಯಲ್ಲಿ ಜನಿಸಿದ ವಿಶ್ವೇಶ್ವರಯ್ಯನವರು ಎಳೆವಯಸ್ಸಿನಲ್ಲಿಯೇ ಪಿತೃವಿಯೋಗವನ್ನು ಹೊಂದಿ, ಬೆಂಗಳೂರಿನಲ್ಲಿ ಮನೆಪಾಠ ಹೇಳಿ ಓದಿದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನವು ಅವರನ್ನು ಪುಣೆಯ ಕಾಲೇಜಿಗೆ ಮುಟ್ಟಿಸಿತು. ಫಲವನ್ನು ನಾಡೇ ಉಂಡಿತು. 1929ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದ ಶಕುಂತಲಾ ದೇವಿಯವರ ಗಣಿತಶಕ್ತಿಯೂ ಬಾಲ್ಯದಲ್ಲಿಯೇ ಪ್ರಕಟವಾಯಿತು. ಲೋಕವು ಆ ಬಾಲಿಕೆಯನ್ನು ರಂಗಕ್ಕೆ ಹತ್ತಿಸಿ ಚಪ್ಪಾಳೆ ತಟ್ಟಿತೇ ಹೊರತು ಕ್ರಮವಾದ ಶಾಲಾವಿದ್ಯೆಯನ್ನು ಕೊಡಲಿಲ್ಲ. 1980ರಲ್ಲಿ ಲಂಡನ್ನಿನಲ್ಲಿ 13 ಅಂಕೆಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡುಗಳಲ್ಲಿ ಗುಣಿಸಿದ ಆ ಮೇಧೆಗೆ ಶಾಸ್ತ್ರದ ಬಾಗಿಲು ಸಕಾಲದಲ್ಲಿ ತೆರೆದಿದ್ದರೆ ಏನಾಗುತ್ತಿದ್ದಿತೋ ಬಲ್ಲವರಾರು?

ಇಂದು ನವೋದಯ, ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು ಮಕ್ಕಳನ್ನು ಆರಿಸಿಕೊಳ್ಳುವುದು ಆರನೆಯ ತರಗತಿಗೆ. ಅಷ್ಟರೊಳಗೆ ಐದು ವರ್ಷಗಳು ಕಳೆದಿರುತ್ತವೆ. ತಿಳಿದ ಪಾಠವನ್ನೇ ಮರಳಿ ಕೇಳುವ ಮಗು ಆಲಸ್ಯವನ್ನೋ ತುಂಟತನವನ್ನೋ ಕಲಿಯುವುದು, ಉಪಾಧ್ಯಾಯರು ದಂಡಿಸುವರು, ದೀಪವು ಹೊತ್ತುವ ಮೊದಲೇ ನಂದುವುದು.

ಹಿಂದುಳಿದ ಮಕ್ಕಳನ್ನು ಬಿಟ್ಟು ಚುರುಕಾದವರಿಗೆ ಉಪಚಾರವೇಕೆಂದು ಕೆಲವರು ಆಕ್ಷೇಪಿಸಬಹುದು. ಇಬ್ಬರಿಗೂ ಒಂದೇ ಮದ್ದುಂಟು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾಗಿ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹಬ್ಬಿದ ನಲಿಕಲಿ ಪದ್ಧತಿಯ ತತ್ತ್ವವೇ ಅದು: ಪ್ರತಿಯೊಂದು ಮಗುವೂ ಕಲಿಕೆಯ ಏಣಿಯನ್ನು ತನ್ನ ವೇಗದಲ್ಲಿ ಏರತಕ್ಕದ್ದು. ನಿಧಾನಿಗೆ ಅವಮಾನವಿಲ್ಲ, ಚುರುಕಿಗೆ ಅಡ್ಡಿಯಿಲ್ಲ. ಆದರೆ ಅದನ್ನು ರೂಪಿಸಿದ್ದು ಮೊದಲ ಮೂರು ತರಗತಿಗಳಿಗೆ ಮಾತ್ರ. ನಾಲ್ಕನೆಯದರಲ್ಲಿ ಏಣಿಯೇ ಇಲ್ಲ.

ಆದುದರಿಂದ ವಿದ್ಯಾ ಇಲಾಖೆಯವರಲ್ಲಿ ನಮ್ಮ ಅರಿಕೆಯಿಷ್ಟೆ: ಆ ತತ್ತ್ವವನ್ನು ನಾಲ್ಕು ಐದನೆಯ ತರಗತಿಗಳಿಗೂ ವಿಸ್ತರಿಸಿರಿ; ಅದನ್ನು ನಡೆಸಲು ಸಾಕಷ್ಟು ಉಪಾಧ್ಯಾಯರನ್ನು ಕೊಡಿರಿ; ಬುದ್ಧಿವಂತನಾದ ಬಡ ಬಾಲಕನಿಗೂ ಬಾಲಿಕೆಗೂ ಪುಸ್ತಕದ ನೆರವು ಎರಡನೆಯ ತರಗತಿಯಿಂದಲೇ ದೊರೆಯಲಿ. ದೊಡ್ಡನೆಕ್ಕುಂದಿಯ ವಿದ್ಯಾವಂತ ಮಹಾಜನರು ವಾರಕ್ಕೆ ಎರಡು ಗಂಟೆಯನ್ನಾದರೂ ನೆರೆಯ ಸರ್ಕಾರಿ ಶಾಲೆಗೆ ಮೀಸಲಿಡಲಿ. ತಂದೆತಾಯಿಗಳು ಮಗುವಿನ ಜಾಣ್ಮೆಯನ್ನು ನೆಂಟರ ಮುಂದೆ ಪ್ರದರ್ಶಿಸುವುದನ್ನು ಬಿಟ್ಟು ಅದರ ಪ್ರಶ್ನೆಗಳಿಗೆ ತಾಳ್ಮೆಯಿಂದ ಕಿವಿಗೊಡಲಿ. ಕಾರ್ಖಾನೆಗಳಿಗೆ ನೆಲವನ್ನು ಕೊಟ್ಟ ಊರಿನ ಮಕ್ಕಳು ಅವುಗಳ ಬಾಗಿಲ ಕಾವಲಿಗೆ ಮಾತ್ರವೇ ಸಲ್ಲುವಂತಾಗಬಾರದು.