ಕೇಳುಗರ ಕಟ್ಟೆ: ಹೊರಗಿನವರು ಹಾಡಿದ ಕನ್ನಡ

ಕಳೆದ ಸಂಚಿಕೆಯಲ್ಲಿ ನಮ್ಮ ‘ಕೇಳುಗರ ಕಟ್ಟೆ’ಯ ಪ್ರಸ್ತಾಪ ಓದಿದ ಕೆಲವರು ವಾಚಕರು, ಅದಕ್ಕೆ ಸದಸ್ಯರಾಗುವ ಬಗೆ ಹೇಗೆ, ಚಂದಾ ಎಷ್ಟು ಎಂದು ವಿಚಾರಿಸಿದ್ದಾರೆ. ಚಂದಾ ಏನೂ ಇಲ್ಲ. ತಿಂಗಳ ಮೊದಲನೆಯ ಭಾನುವಾರ ಸಂಜೆ ನಾಲ್ಕಕ್ಕೆ, ದೆಹಲಿಯ ನಮ್ಮ ಸರಕಾರಿ ವಸತಿಗೃಹದ ಎರಡನೆಯ ಮಹಡಿಗೆ ಒಂದು ಹಾಡನ್ನು ಹೊತ್ತುಕೊಂಡು ಬಂದರಾಯಿತು. ಹಾಡು ಯಾರೂ ಕೇಳದ್ದಾದರೆ ಲೇಸು. ಎಲ್ಲರೂ ಕೇಳಿದ್ದಾದರೆ ಅದರ ಬಗ್ಗೆ ಯಾರೂ ಕೇಳದ ಒಂದು ಮಾತನ್ನಾದರೂ ಹೇಳಬೇಕು. ಹಾಡು ಮುಗಿಯುವ ತನಕ ಯಾರೂ ಜತೆಗೆ ಗುನುಗಕೂಡದು. ಈ ಕೊನೆಯ ನಿಬಂಧನೆಯನ್ನು ಹಾಕಿದವಳು ನಮ್ಮ ಮನೆಯಾಕೆ. ನನ್ನೊಬ್ಬನನ್ನೇ ಲಕ್ಷ್ಯದಲ್ಲಿಟ್ಟುಕೊಂಡು ಹಾಕಿದ್ದು.

ಈ ಸಲದ ವಿಷಯ ‘ಹೊರಗಿನವರು ಹಾಡಿದ ಕನ್ನಡ’. ವಿಷಯವನ್ನು ಗೊತ್ತುಮಾಡಿದವರು ಧಾರವಾಡದ ಕಾಕಾ. ಯಾಕೆ ಗೊತ್ತುಮಾಡಿದರು ಎಂಬುದಕ್ಕೆ ಒಂದು ಹಿನ್ನೆಲೆ ಉಂಟು. ಅದನ್ನು ಹೇಳಲು ನನಗೆ ನಾಚಿಕೆ, ಆದರೂ ಹೇಳುತ್ತೇನೆ.

ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ, ನಾಲ್ಕನೆಯ ತರಗತಿಯಲ್ಲಿ ಓದುವ ನನ್ನ ಮಗಳು ತನ್ನ ಅಜ್ಜನ ಊರಿನ ಮೇಲೆ ಎರಡು ನಿಮಿಷ ಮಾತನಾಡುವುದೆಂದು ಏರ್ಪಾಡಾಗಿತ್ತು. ಹುಟ್ಟಿದ್ದು ದೆಹಲಿ, ಆಡುವುದು ಹಿಂದಿಯ ಮಕ್ಕಳೊಡನೆ. ಹಿಂದಿಯವರ ನಾಲಗೆಗೆ ನಮ್ಮ ಳಕಾರ ಎಂದರೆ ಏರಲಾಗದ ಏಣಿ. ಮಗು ವೇದಿಕೆ ಹತ್ತಿ, ಕೈಕಟ್ಟಿ ನಿಂತು, ಒಳ್ಳೆಯ ಗಟ್ಟಿ ಧ್ವನಿಯಲ್ಲಿ ಹೇಳಿತು: ‘‘ನಮ್ಮ ಅಜ್ಜನ ಹಲ್ಲಿ ಬಹಳ ದೊಡ್ಡದು. ಅದರಲ್ಲಿ ಇನ್ನೂರು ಮನೆಗಳಿವೆ.’’

ಸಭೆ ಘೊಳ್ಳೆಂದಿತು. ಯಾರನ್ನೂ ದೂರುವುದಕ್ಕಿಲ್ಲ, ಇನ್ನೂರು ಮನೆಯ ಹಲ್ಲಿಯನ್ನು ಕಂಡು ನಗದವರು ಯಾರು? ಆದರೆ ಮೊಟ್ಟಮೊದಲು ನಕ್ಕವನು, ಎಲ್ಲರಿಗಿಂತ ಜೋರಾಗಿ ನಕ್ಕವನು, ಮೂರನೆಯ ಸಾಲಿನಲ್ಲಿ ಕುಳಿತಿದ್ದ ಅವಳ ತಂದೆ. ಮಗು ನನ್ನ ಕಡೆ ಒಮ್ಮೆ ನೋಡಿ, ಉಳಿದ ಮಾತನ್ನು ಬಿಟ್ಟು ಕೆಳಗಿಳಿದು ಬಂತು. ಅಂದಿನಿಂದ ಮನೆಯಲ್ಲಿ ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಉತ್ತರ ಹಿಂದಿಯಲ್ಲಿ. ಊಟ ಬೇಕೇ ಎಂದರೆ ಹಿಂದಿ, ಬೇಡವೇ ಎಂದರೂ ಹಿಂದಿ. ಮೂರು ವಾರ ಹೀಗೆಯೇ ನಡೆಯಿತು. ಊರಿನಿಂದ ಅಜ್ಜ ಫೋನು ಮಾಡಿದಾಗ ಸ್ನಾನದ ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಜ್ಜನಿಗೆ ಹಿಂದಿ ಬಾರದು.

ಇದನ್ನು ಕಾಕಾ ಅವರ ಕಿವಿಗೆ ಹಾಕಿದವಳು ನಮ್ಮ ಮನೆಯಾಕೆಯೇ ಇರಬೇಕು.

ಭಾನುವಾರ ಎಲ್ಲರೂ ನೆರೆದರು. ಚಳಿಗೆ ರಜಾಯಿ ಹೊದ್ದು, ಐ.ಎನ್.ಎ. ಮಾರುಕಟ್ಟೆಯಿಂದ ತಂದ ಪುಡಿಯ ಕಾಫಿ ಹೀರುತ್ತ ಕುಳಿತೆವು. ಕಂಪ್ಯೂಟರ್ ಕಂಪನಿಯ ಹುಡುಗ ತಂಬಿಗೆಯಾಕಾರದ ತನ್ನ ಸ್ಪೀಕರನ್ನು ಮೇಜಿನ ಮೇಲಿಟ್ಟು ಮೊದಲು ಶುರುಮಾಡಿದ. ಅವನದು ಕಿಶೋರ್ ಕುಮಾರರು ಹಾಡಿದ ಕನ್ನಡ ಹಾಡು: 1972ರ ‘ಕುಳ್ಳ ಏಜೆಂಟ್ 000’, ದ್ವಾರಕೀಶರ ಪತ್ತೇದಾರಿ ವಿನೋದ, ಸಂಗೀತ ರಾಜನ್-ನಾಗೇಂದ್ರ. ಪತ್ತೇದಾರನ ನಂಬರಿನಲ್ಲಿ ಮೂರು ಸೊನ್ನೆ ಕಂಡು ನನಗೆ ನಮ್ಮ ತುಟ್ಟಿಭತ್ಯೆಯ ಬಾಕಿ ನೆನಪಾಯಿತು. ಕನ್ನಡ ಹೇಗಿದೆ ಎಂದು ನೋಡುವ ಮೊದಲೇ ಹಾಡು ನಮ್ಮನ್ನು ಎಳೆದುಕೊಂಡು ಓಡುತ್ತದೆ. ಕಿಶೋರರ ಉಪಾಯವೇ ಅದು. ಜೋರಾಗಿ ಓಡುವವನ ಅಂಗಿಯ ಗುಂಡಿ ತಪ್ಪಿದ್ದನ್ನು ಯಾರು ಎಣಿಸುತ್ತಾರೆ?

ಮಂಗಳೂರಿನ ಅಕ್ಕ ಲತಾ ಮಂಗೇಶ್ಕರರನ್ನು ತಂದಿದ್ದರು. 1967ರ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’, ಲಕ್ಷ್ಮಣ ಬೆರ್ಲೇಕರ್ ಅವರ ಸಂಗೀತ. ಅದರಲ್ಲಿ ಲತಾ ಎರಡು ಹಾಡು ಹಾಡಿದ್ದಾರೆ. ಅಕ್ಕ ಹಾಕಿದ್ದು ಬೆಳಗಿನ ಹಾಡು. ‘‘ಎಷ್ಟು ಚಂದ ಉಂಟಲ್ಲ ಮಾರಾಯ್ರೇ! ಒಂದು ಅಕ್ಷರವನ್ನೂ ಗಟ್ಟಿಯಾಗಿ ಮುಟ್ಟುವುದಿಲ್ಲ, ಬಿಸಿ ಪಾತ್ರೆ ಹಿಡಿದ ಹಾಗೆ’’ ಎಂದರು. ಇದಕ್ಕಿಂತ ಸರಿಯಾದ ವಿಮರ್ಶೆಯನ್ನು ನಾನು ಯಾವ ಪತ್ರಿಕೆಯಲ್ಲಿಯೂ ಓದಿಲ್ಲ.

ನನ್ನ ಸರದಿಯಲ್ಲಿ ನಾನು ವಿಷಯದಿಂದ ಕೊಂಚ ಜಾರಿದೆ. ಕನ್ನಡ ಹಾಡನ್ನು ಬಿಟ್ಟು ಗೌಹರ್ ಜಾನಳ ಹಳೆಯ ತಟ್ಟೆಯನ್ನು ಕೇಳಿಸಿದೆ. 1902ರಲ್ಲಿ ಕಲಕತ್ತೆಗೆ ಬಂದ ಗ್ರಾಮಫೋನ್ ಕಂಪನಿಯ ಯಂತ್ರದ ಮುಂದೆ ನಿಂತು ಹಾಡಿದ ಮಹಾಗಾಯಕಿ ಆಕೆ. ರಾಗವನ್ನೆಲ್ಲ ಸುಮಾರು ಮೂರು ನಿಮಿಷಕ್ಕೆ ಮಡಚಿಟ್ಟು, ಕೊನೆಯಲ್ಲಿ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ತಾನೇ ಕೂಗಿ ಹೇಳುತ್ತಾಳೆ. ಅದು ಜಂಭವಲ್ಲ. ತಟ್ಟೆ ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಯಾರ ಹಾಡು ಎಂದು ಅಲ್ಲಿನವರಿಗೆ ತಿಳಿಯಬೇಕಲ್ಲ! ಕಡತದ ಕೊನೆಗೆ ಗುಮಾಸ್ತ ಸಹಿ ಹಾಕಿದ ಹಾಗೆ. ಈ ಗೌಹರ್ ಜಾನ್ 1928ರಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ಕಣ್ಣುಮುಚ್ಚಿದಳು. ಕನ್ನಡದ ಮಣ್ಣಿಗೆ ಸಂದವಳೆಂದು ವಾದಿಸಿ ನಾನು ಗೆಲ್ಲುವುದರಲ್ಲಿದ್ದೆ. ‘‘ವಿಷಯ ಬಿಟ್ಟು ಹೋದೀ ತಮ್ಮಾ’’ ಎಂದು ಕಾಕಾ ಒಂದೇ ಮಾತಿನಲ್ಲಿ ಅರ್ಜಿ ವಜಾ ಮಾಡಿದರು.

ಕಾಕಾ ತಂದಿದ್ದು ಮಹಮ್ಮದ್ ರಫಿಯವರ ಹಾಡು. ಅದೇ 1967ನೆಯ ಇಸವಿ, ‘ಒಂದೇ ಬಳ್ಳಿಯ ಹೂಗಳು’, ಸತ್ಯಂ ಅವರ ಸಂಗೀತ. ದುಃಖದ ಹಾಡು. ಹಾಡುತ್ತಿರುವವರು ಕನ್ನಡಿಗರಲ್ಲವೆಂಬುದು ಎರಡನೆಯ ಸಾಲಿಗೇ ಕಿವಿಗೆ ಗೊತ್ತಾಗುತ್ತದೆ. ನಾಲ್ಕನೆಯ ಸಾಲಿಗೆ ಅದು ಮರೆತುಹೋಗುತ್ತದೆ. ಮುಗಿದಾಗ ಯಾರೂ ಕಾಫಿಯ ಲೋಟ ಎತ್ತಲಿಲ್ಲ. ಕಾಕಾ ಅದನ್ನು ಎರಡನೆಯ ಸಲ ಹಾಕಿಸಿದರು. ನಿಯಮದಲ್ಲಿ ಅದಕ್ಕೆ ಅವಕಾಶವಿಲ್ಲ, ಆದರೆ ಯಾರೂ ಆಕ್ಷೇಪಿಸಲಿಲ್ಲ.

ಆಗ ಅಡುಗೆಮನೆಯ ಬಾಗಿಲಿನಿಂದ, ಲೆಕ್ಕದ ಪುಸ್ತಕ ಹಿಡಿದು ನಿಂತಿದ್ದ ನನ್ನ ಮಗಳು ಹಿಂದಿಯಲ್ಲಿ ಕೇಳಿದಳು, ಈ ಹಾಡಿದವರಿಗೆ ಕನ್ನಡ ಬರುತ್ತಿತ್ತೇ ಎಂದು.

‘‘ಎಲ್ಲಿಂದ ಬರಬೇಕು ಪುಟ್ಟೀ? ಪಂಜಾಬದಾಗ ಹುಟ್ಟಿ ಮುಂಬಯಿಗೆ ಬಂದವರು. ಒಂದೊಂದು ಮಾತು ಯಾರೋ ಬಾಯಾಗ ಇಟ್ಟಿರಬೇಕು.’’

‘‘ಹಾಗಾದರೆ ಯಾರೂ ನಗಲಿಲ್ಲವೇ?’’ ಇದೂ ಹಿಂದಿಯಲ್ಲಿಯೇ.

‘‘ನಕ್ಕಿದ್ದರ ಈಗ ನಾವು ಕೇಳತಿದ್ದೆವೇನು?’’ ಎಂದ ಕಾಕಾ ನನ್ನ ಕಡೆ ನೋಡಲಿಲ್ಲ. ನೋಡದೆ ಇದ್ದದ್ದೇ ನನಗೆ ನಾಟಿತು.

ಮುಂದೆ ಅವರು ರಫಿಯವರನ್ನು ಬಿಟ್ಟು ಪಿ.ಬಿ. ಶ್ರೀನಿವಾಸರಿಗೆ ಬಂದರು. ಕಾಕಿನಾಡದ ತೆಲುಗು ಮನೆಯವರು. 1974ರ ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ ರಾಜಕುಮಾರರು ಎಮ್ಮೆಯ ಮೇಲೆ ಕುಳಿತು ತಾವೇ ಹಾಡುವ ತನಕ, ಒಂದೂವರೆ ದಶಕಕ್ಕೂ ಮೇಲ್ಪಟ್ಟು ಆ ಕನ್ನಡದ ಬಾಯಿಗೆ ಕಂಠವಾಗಿದ್ದವರು ಇವರು. ಎಸ್. ಜಾನಕಿಯವರದೂ ತೆಲುಗು ಸೀಮೆ, ಬಾಲಸುಬ್ರಹ್ಮಣ್ಯಂ ಅವರದೂ ಅದೇ. ‘‘ನಿಮ್ಮ ಅವ್ವಂದಿರು ತೊಟ್ಟಿಲ ತೂಗಿದ್ದು ಯಾರ ಕನ್ನಡದಾಗ ಅಂತ ತಿಳದೀರಿ?’’ ಎಂದು ಕಾಕಾ ಎಲ್ಲರನ್ನೂ ದಬಾಯಿಸಿದರು. ಶ್ರೀನಿವಾಸರು ಮದರಾಸಿನ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಹೋಟೆಲಿನಲ್ಲಿ, ಅದು 2008ರಲ್ಲಿ ಮುಚ್ಚುವ ತನಕ, ಜೇಬಿನ ತುಂಬ ಪೆನ್ನುಗಳನ್ನು ಸಿಕ್ಕಿಸಿಕೊಂಡು ಕುಳಿತು ಬರೆಯುತ್ತಿದ್ದರಂತೆ. ನನ್ನ ಜೇಬಿನಲ್ಲಿರುವುದು ಒಂದೇ, ಅದೂ ಸರಕಾರದ್ದು.

‘‘ನಾವೂ ಸಾಲ ತೀರಿಸಿದ್ದೇವೆ ಕಾಕಾ. ಗದಗಿನ ಭೀಮಸೇನ ಜೋಶಿಯವರು ಪುಣೆಗೆ ಹೋಗಿ ಮರಾಠಿ ಅಭಂಗ ಹಾಡಲಿಲ್ಲವೇ?’’ ಎಂದ ಹುಡುಗ. ಕಾಕಾ ಸಂತೋಷದಿಂದ ತೊಡೆ ತಟ್ಟಿದರು.

ನಾನು ಸುಮ್ಮನಿರಬಹುದಾಗಿತ್ತು. ಆದರೆ ಬಾಗಿಲಲ್ಲಿ ಮಗು ಇನ್ನೂ ನಿಂತಿತ್ತು. ನನ್ನದೊಂದು ಕಥೆ ಹೇಳಿದೆ. ದೆಹಲಿಯ ಕಚೇರಿಗೆ ಸೇರಿದ ಮೊದಲನೆಯ ವಾರ, ನಮ್ಮ ದೊಡ್ಡ ಸಾಹೇಬರು, ಆರಡಿ ಎತ್ತರ, ಗಿರಿಜಾ ಮೀಸೆ, ಮೊಗಸಾಲೆಯಲ್ಲಿ ಬರುತ್ತಿದ್ದುದನ್ನು ಕಂಡು ನಾನು ಇಡೀ ವಿಭಾಗಕ್ಕೆ ಕೇಳುವಂತೆ ‘‘ಸಾಹಬ್ ಆ ಗಯೀ ಹೈ’’ ಎಂದು ಘೋಷಿಸಿದೆ. ಹಿಂದಿಯಲ್ಲಿ ಮೇಜಿಗೂ ಕುರ್ಚಿಗೂ ಗಂಡು ಹೆಣ್ಣೆಂಬ ಭೇದವಿದೆಯೆಂದು ಕೇಳಿದ್ದೆ; ಸಾಹೇಬರಿಗೆ ಯಾವುದೆಂದು ಆ ಗಳಿಗೆಯಲ್ಲಿ ಹೊಳೆಯಲಿಲ್ಲ. ವಿಭಾಗವೆಲ್ಲ ನಕ್ಕಿತು. ಹದಿನೈದು ದಿವಸ ನಾನು ಚಹಾ ಬೇಕಾದರೂ ಇಂಗ್ಲಿಷಿನಲ್ಲಿಯೇ ಕೇಳಿದೆ.

ಮಗಳು ನಕ್ಕಳು. ಸಣ್ಣಗಲ್ಲ, ಲೆಕ್ಕದ ಪುಸ್ತಕ ಕೆಳಗೆ ಬೀಳುವಂತೆ. ಮೂರನೆಯ ಸಾಲಿನ ನಗೆಗೆ ಬಡ್ಡಿಸಹಿತ ವಸೂಲಿ. ಅವಳ ಮುಂದೆಯೇ, ಆ ದಿನ ನಾನು ನಕ್ಕದ್ದು ತಪ್ಪಾಯಿತು ಎಂದೆ. ಅವಳು ಅದಕ್ಕೆ ಏನೂ ಹೇಳದೆ ಪುಸ್ತಕ ಎತ್ತಿಕೊಂಡು ಒಳಗೆ ಹೋದಳು.

ರಾತ್ರಿ ಎಲ್ಲರೂ ಹೋದಮೇಲೆ ತಾಯಿಯ ಮೊಬೈಲು ಕಾಣಲಿಲ್ಲ. ಮರುದಿನ ಬೆಳಿಗ್ಗೆ ನೋಡಿದರೆ ಅದರಲ್ಲೊಂದು ಧ್ವನಿಮುದ್ರಣ ಇತ್ತು. ಅಜ್ಜನ ಊರಿನ ಭಾಷಣ, ಮೊದಲಿನಿಂದ ಕೊನೆಯವರೆಗೆ. ಮೊದಲನೆಯ ಸಲ ಹಲ್ಲಿಯೇ. ಅನಂತರ ಕೊಂಚ ತಡೆದು, ನಾಲಗೆಯನ್ನು ಗಂಟಲಿನ ತನಕ ಮಡಚಿದಳೋ ಎನ್ನುವಂತೆ, ಹಳ್ಳಿ. ಭಾಷಣ ಮುಗಿದಮೇಲೆ, ಗೌಹರ್ ಜಾನಳಂತೆ ಇಂಗ್ಲಿಷಿನಲ್ಲಿ ತನ್ನ ಹೆಸರನ್ನೂ ಗಟ್ಟಿಯಾಗಿ ಹೇಳಿದ್ದಳು.

ಅಜ್ಜನಿಗೆ ಕಳುಹಿಸಿದ್ದಾಯಿತು. ಮುಂದಿನ ತಿಂಗಳ ವಿಷಯ ‘ಪ್ರಾಣಿಗಳ ಮೇಲೆ ಕುಳಿತು ಹಾಡಿದ ಹಾಡುಗಳು’. ಎಮ್ಮೆಯದು ಆಗಲೇ ಮಂಗಳೂರಿನ ಅಕ್ಕನವರ ಪಾಲಾಗಿದೆ. ಉಳಿದವರು ಕುದುರೆ, ಗಾಡಿ, ಆನೆ ಹುಡುಕಿಕೊಳ್ಳಬೇಕು.