ಬೀಗ ಭದ್ರ, ಆದರೆ ಬೀಗದ ಕೈ ಎಲ್ಲಿ?

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಹಳೆಯ ಮನೆಗಳಲ್ಲಿ ಕಬ್ಬಿಣದ ಟ್ರಂಕಿನ ಸ್ಥಾನವನ್ನು ಇಂದು ಹೆಬ್ಬೆರಳಿನ ಗಾತ್ರದ ಪೆನ್‌ಡ್ರೈವ್ ಆಕ್ರಮಿಸಿದೆ. ಕ್ರಯಪತ್ರ, ಇ-ಖಾತಾ, ಪಿಂಚಣಿ ಆದೇಶ, ತೆರಿಗೆ ವಿವರ, ವಿದೇಶದಲ್ಲಿರುವ ಮಕ್ಕಳ ಪಾಸ್‌ಪೋರ್ಟ್ ಪ್ರತಿ ಎಲ್ಲವೂ ಅದರಲ್ಲೇ. ಅದನ್ನೇ ಜೇಬಿಗೆ ಹಾಕಿಕೊಂಡು ಗಾಂಧಿ ಬಜಾರಿನ ಜೆರಾಕ್ಸ್ ಅಂಗಡಿಗೂ ಹೋಗಿಬರುತ್ತೇವೆ. ಆಟೋದಲ್ಲಿ ಬಿದ್ದುಹೋದರೆ ಸಿಕ್ಕವರು ಇಡೀ ಸಂಸಾರದ ಲೆಕ್ಕಪತ್ರ ಓದಬಹುದು.

ಆದ್ದರಿಂದ ಕಡತಗಳನ್ನು ಗುಪ್ತಪದದ ಹಿಂದೆ ಗೂಢಲಿಪಿಯಲ್ಲಿಡಬೇಕೆಂಬ ತಜ್ಞರ ಸಲಹೆ ಸರಿಯಾದುದೇ. ಆದರೆ ಅದು ಅರ್ಧ ಸಲಹೆ. ಗುಪ್ತಪದ ಮರೆತರೆ ಅರ್ಜಿ ಕೊಟ್ಟು ಹೊಸದನ್ನು ಪಡೆಯಲು ಇಲ್ಲಿ ಯಾವ ಕಚೇರಿಯೂ ಇಲ್ಲ. ಸ್ಯಾನ್‌ಫ್ರಾನ್ಸಿಸ್ಕೋದ ತಂತ್ರಜ್ಞ ಸ್ಟೀಫನ್ ಥಾಮಸ್ 7,002 ಬಿಟ್‌ಕಾಯಿನ್‌ಗಳ ಕೀಲಿಯನ್ನು ಐರನ್‌ಕೀ ಎಂಬ ಡ್ರೈವಿನಲ್ಲಿಟ್ಟು, ಗುಪ್ತಪದ ಬರೆದಿದ್ದ ಕಾಗದವನ್ನೇ ಕಳೆದುಕೊಂಡ ಸಂಗತಿ 2021ರಲ್ಲಿ ಜಗತ್ತಿಗೆಲ್ಲ ತಿಳಿಯಿತು. ಅನುಮತಿಸಿದ ಹತ್ತು ಪ್ರಯತ್ನಗಳಲ್ಲಿ ಎಂಟು ಆಗಲೇ ವ್ಯರ್ಥವಾಗಿದ್ದವು. ಕಂಪ್ಯೂಟರೇ ಕಸುಬಾದವರ ಪಾಡು ಇದಾದರೆ, ಎಪ್ಪತ್ತರ ಹರೆಯದ ಪಿಂಚಣಿದಾರರ ಪಾಡೇನು? ಕಳ್ಳನಿಗೆ ಅಷ್ಟೇನೂ ಬೆಲೆಯಿಲ್ಲದ ಕಡತ ವಾರಸುದಾರರಿಗೆ ಅಮೂಲ್ಯ. ಹಾಗಾಗಿ ನಷ್ಟದ ದೊಡ್ಡ ಸಂಭವ ಹೊರಗಿನವರಿಂದಲ್ಲ, ನಮ್ಮ ಮರೆವಿನಿಂದ, ಮರಣದಿಂದ.

ಸರ್ಕಾರಿ ಖಜಾನೆಗಳು ಈ ಸಮಸ್ಯೆಯನ್ನು ಎಂದೋ ಬಗೆಹರಿಸಿಕೊಂಡಿವೆ. ಭದ್ರಕೋಣೆಗೆ ಎರಡು ಬೀಗ. ಎರಡರ ಕೀಲಿಗಳೂ ಒಬ್ಬರ ಕೈಯಲ್ಲಿರಕೂಡದು. ಪ್ರತಿಕೀಲಿಗಳು ಮೊಹರಾದ ಪೊಟ್ಟಣದಲ್ಲಿ ಬೇರೆಡೆ ಠೇವಣಿಯಾಗಿರಬೇಕು. ಕೆಂಪು ಪಟ್ಟಿಯೆಂದು ಹಾಸ್ಯ ಮಾಡುವವರು ಈ ನಿಯಮವನ್ನು ಮನೆಗೂ ತರಬಹುದು.

ವಿಂಡೋಸ್‌ನ ಬಿಟ್‌ಲಾಕರ್, ಡ್ರೈವಿಗೆ ಬೀಗ ಹಾಕುವಾಗಲೇ 48 ಅಂಕಿಗಳ ಮರುಪ್ರಾಪ್ತಿ ಕೀಲಿಯೊಂದನ್ನು ಕೊಡುತ್ತದೆ. ಅದನ್ನು ಮುದ್ರಿಸಿ, ಲಕೋಟೆಯಲ್ಲಿಟ್ಟು ಬ್ಯಾಂಕ್ ಲಾಕರಿಗೆ ಸೇರಿಸಬೇಕು. ಲಾಕರಿಗೆ ನಾಮನಿರ್ದೇಶನವೂ ಆಗಿರಬೇಕು. ಉಚಿತವಾಗಿ ದೊರೆಯುವ ವೆರಾಕ್ರಿಪ್ಟ್‌ನಲ್ಲಿ ಇಂತಹ ಮರುಪ್ರಾಪ್ತಿ ಕೀಲಿಯಿಲ್ಲ, ಆದ್ದರಿಂದ ಗುಪ್ತಪದವನ್ನೇ ಬರೆದಿಡುವುದು ಅನಿವಾರ್ಯ. ಗುಪ್ತಪದವನ್ನು ಎಲ್ಲಿಯೂ ಬರೆಯಬಾರದೆಂಬ ಹಳೆಯ ಉಪದೇಶ ಈ ವಿಷಯದಲ್ಲಿ ಅಪಾಯಕಾರಿಯೆಂದೇ ನನ್ನ ಅಭಿಪ್ರಾಯ. ಲಕೋಟೆ ಮತ್ತು ಡ್ರೈವ್ ಒಂದೇ ಕಡೆ ಇಲ್ಲದಿದ್ದರಾಯಿತು.

ಡ್ರೈವೇ ಕೆಟ್ಟುಹೋದರೆ ಯಾವ ಕೀಲಿಯೂ ಉಪಯೋಗಕ್ಕೆ ಬಾರದು. ಆದಕಾರಣ ಇನ್ನೊಂದು ಡ್ರೈವಿನಲ್ಲಿ ಅದೇ ಕಡತಗಳು, ಅದೇ ರೀತಿಯ ಬೀಗದೊಳಗೆ ಇರಲಿ. ಅದರ ಮರುಪ್ರಾಪ್ತಿ ಕೀಲಿ ಬೇರೆಯಾದ್ದರಿಂದ ಅದನ್ನೂ ಲಕೋಟೆಗೆ ಸೇರಿಸಬೇಕು. ಜೆರಾಕ್ಸ್ ಅಂಗಡಿಗೆ ಮಾತ್ರ ಬೇಕಾದ ಪುಟವೊಂದೇ ಇರುವ ಮತ್ತೊಂದು ಅಗ್ಗದ ಡ್ರೈವ್ ಸಾಕು. ಅಪರಿಚಿತ ಕಂಪ್ಯೂಟರಿನಲ್ಲಿ ಗುಪ್ತಪದ ಒತ್ತುವ ಪ್ರಸಂಗವೇ ಬಾರದು.

ನವೆಂಬರ್‌ನಲ್ಲಿ ಜೀವಿತ ಪ್ರಮಾಣಪತ್ರ ಸಲ್ಲಿಸುವ ಹೊತ್ತಿಗೆ, ಲಕೋಟೆಯ ಚೀಟಿ ನೋಡಿ ಡ್ರೈವ್ ತೆರೆಯುವಂತೆ ಮನೆಯವರಿಗೆ ಹೇಳಬೇಕು. ಪಿಂಚಣಿದಾರರು ಪಕ್ಕದಲ್ಲಿ ಕುಳಿತು ಸಹಾಯ ಮಾಡಕೂಡದು.